ಮೊಳೆ ಒಮ್ಮೆ ಆಳಕ್ಕೆ, ಒಮ್ಮೆ ಮೇಲಕ್ಕೆ: ತಪ್ಪು ಗನ್ನಿನದೇ?

ಬೀರುವಿನ ಹಿಂಬದಿಗೆ 6 ಮಿ.ಮೀ. ಪ್ಲೈವುಡ್ ಹೊಡೆಯುವಾಗ ಕೆಲವು ಮೊಳೆಗಳು ಅರ್ಧ ಹಲಗೆಯವರೆಗೂ ಇಳಿಯುತ್ತವೆ, ಕೆಲವು ತಲೆ ಎತ್ತಿಕೊಂಡೇ ನಿಲ್ಲುತ್ತವೆ, ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಎಫ್-30 ಗನ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ಎಲ್ಲ ಮೊಳೆಗಳೂ ಒಂದೇ ಸಮ ಆಳಕ್ಕೆ ಹೋಗುತ್ತಿದ್ದರೆ ಗನ್ನಿನ ಮೇಲೆ ಅನುಮಾನ ಪಡಬಹುದಿತ್ತು. ಒಂದು ಹಾಗೆ, ಒಂದು ಹೀಗೆ ಎಂದರೆ ನಾನು ಮೊದಲು ನೋಡುವುದು ಗನ್ನಿಗೆ ಗಾಳಿ ಒದಗಿಸುವ ಕಂಪ್ರೆಸರನ್ನು.

ಸಣ್ಣ ಕಂಪ್ರೆಸರಿನ ಟ್ಯಾಂಕ್ ಸಾಮಾನ್ಯವಾಗಿ 8 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ತುಂಬಿದಾಗ ಮೋಟರ್ ನಿಲ್ಲುತ್ತದೆ, 6ರ ಆಸುಪಾಸಿಗೆ ಇಳಿದ ಮೇಲೆ ಮತ್ತೆ ಶುರುವಾಗುತ್ತದೆ. ಗನ್ನಿಗೆ ಹೋಗುವ ಗಾಳಿಯನ್ನು ಹೊಂದಿಸುವ ರೆಗ್ಯುಲೇಟರ್ ಒತ್ತಡವನ್ನು ತಗ್ಗಿಸಬಲ್ಲದೇ ಹೊರತು ಏರಿಸಲಾರದು. ನೀವು ಅದನ್ನು 7ಕ್ಕೆ ತಿರುಗಿಸಿಟ್ಟಿದ್ದರೆ ಟ್ಯಾಂಕ್ ತುಂಬಿರುವಾಗ ಮೊಳೆಗೆ 7 ಬಾರಿನ ಏಟು, ಖಾಲಿಯಾಗುತ್ತಾ ಬಂದಂತೆ 6ರ ಏಟು. ಹಾಗಾಗಿ ಮೋಟರ್ ಮತ್ತೆ ಶುರುವಾಗುವ ಒತ್ತಡಕ್ಕಿಂತ ಕೆಳಗೇ ರೆಗ್ಯುಲೇಟರ್ ಇರಬೇಕು. ಬೀರುವಿಗೆ ಬಳಸಿದ ಅದೇ ಪ್ಲೈ, ಅದೇ ಮರದ ಚೂರು ತೆಗೆದುಕೊಂಡು 4 ಬಾರಿನಿಂದ ಆರಂಭಿಸಿ, ಕಾಲು ಕಾಲು ಬಾರ್ ಏರಿಸುತ್ತಾ ಹೋಗಿ. ಬೆರಳಾಡಿಸಿದಾಗ ಮೊಳೆಯ ತಲೆ ಸಿಗದೆ ಸಣ್ಣ ಗುಳಿಯಷ್ಟೇ ಸಿಕ್ಕಿತೇ, ಅಲ್ಲಿಗೆ ನಿಲ್ಲಿಸಿ.

ನಾನೂ ಕಸುಬಿಗಿಳಿದ ಹೊಸತರಲ್ಲಿ ಹೆಚ್ಚು ಗಾಳಿ ಇದ್ದಷ್ಟೂ ಗಟ್ಟಿ ಎಂದುಕೊಂಡಿದ್ದೆ. ಅಡುಗೆಮನೆಯ ಕಪಾಟೊಂದನ್ನು ಜರುಗಿಸಲು ಹಿಂದಿನಿಂದ ಹಿಡಿದೆಳೆದಾಗ ಪ್ಲೈ ಮಾತ್ರ ಕೈಗೆ ಬಂತು. ಮೊಳೆಗಳೆಲ್ಲ ಚೌಕಟ್ಟಿನಲ್ಲಿ ಸಾಲಾಗಿ ನಿಂತೇ ಇದ್ದವು! ಈ ಮೊಳೆಯ ತಲೆ ಮೈಗಿಂತ ಕೂದಲೆಳೆಯಷ್ಟೇ ಅಗಲ. ಹಲಗೆಯನ್ನು ಹಿಡಿದಿಡುವುದು ಆ ತಲೆಯ ಕೆಳಗೆ ಉಳಿದ ಪದರಗಳು. ತಲೆ 4 ಮಿ.ಮೀ. ಇಳಿದರೆ ಉಳಿಯುವುದು ಎರಡೇ ಮಿ.ಮೀ.

ಒತ್ತಡ ಸರಿ ಮಾಡಿದ ಮೇಲೂ ಎಲ್ಲವೂ ಆಳಕ್ಕೇ ಹೋದರೆ ಗನ್ನಿನ ಮೂತಿಯ ಬಳಿ ಆಳ ಹೊಂದಿಸುವ ಚಕ್ರವಿದೆಯೇ ನೋಡಿ. ಅಗ್ಗದ ಗನ್ನುಗಳಲ್ಲಿ ಬಹಳಷ್ಟಕ್ಕೆ ಇರುವುದಿಲ್ಲ. ಆಗ 1 ಮಿ.ಮೀ. ಮೈಕಾ ತುಂಡಿನಲ್ಲಿ ಮೊಳೆ ಹಾಯುವಷ್ಟು ಕಚ್ಚು ಮಾಡಿ ಮೂತಿಯ ಕೆಳಗಿಟ್ಟು ಹೊಡೆಯಿರಿ. ಮೊಳೆಯನ್ನು ತಳ್ಳುವ ಬ್ಲೇಡು 1 ಮಿ.ಮೀ. ಮೇಲೆಯೇ ನಿಲ್ಲುತ್ತದೆ. ಹಳೆಯ ಗನ್ನಾದರೆ ಒಳಗಿನ ರಬ್ಬರ್ ಬಂಪರ್ ಸವೆದು ಬ್ಲೇಡು ಹೆಚ್ಚು ಹೊರಗೆ ಬರುತ್ತಿರಬಹುದು. ಇವುಗಳಲ್ಲಿ ಯಾವುದಕ್ಕೇ ಕೈ ಹಾಕುವ ಮೊದಲು ಗಾಳಿಯ ಪೈಪ್ ಕಳಚಿ. ನನ್ನ ಜೊತೆಗಾರನೊಬ್ಬನ ಹೆಬ್ಬೆರಳಿನ ಕಲೆ ಈಗಲೂ ಹಾಗೇ ಇದೆ.

ಈಗಾಗಲೇ ಹೊಡೆದ ಬೀರುವಿನಲ್ಲಿ ಆಳಕ್ಕೆ ಹೋದ ಮೊಳೆಗಳನ್ನು ಕೀಳಲು ಹೋಗಬೇಡಿ, ಪ್ಲೈ ಎದ್ದುಬಿಡುತ್ತದೆ. ಪುಟ್ಟಿ ಮೆತ್ತಿದರೆ ಗುಳಿ ಮುಚ್ಚೀತು, ಬಿಗಿ ಬಾರದು. ಅಂಥ ಒಂದೊಂದರ ಪಕ್ಕದಲ್ಲೂ ಎರಡು ಇಂಚು ಬಿಟ್ಟು, ಸರಿಯಾದ ಒತ್ತಡದಲ್ಲಿ ಇನ್ನೊಂದು ಹೊಡೆಯಿರಿ.