ಕಂದಿ ಮತ್ತ ಬೆಳಗೋ ನಕ್ಷತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಅಲ್ಗೋಲ್ ಅನ್ನೋ ನಕ್ಷತ್ರ ಮೂರು ದಿನಕ್ಕೊಮ್ಮೆ ಕಂದತೈತಿ ಅಂತ ಓದಿದ್ದೆ. ಎರಡು ರಾತ್ರಿ ಮಾಳಿಗಿ ಮ್ಯಾಲೆ ನಿಂತು ನೋಡಿದೆ, ಏನೂ ಫರಕ್ ಕಾಣಲಿಲ್ಲ. ಟೆಲಿಸ್ಕೋಪ್ ಇಲ್ಲದ ಆಗೂದಿಲ್ಲೇನು?
– ಬಿ.ಎಸ್ಸಿ. ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಟೆಲಿಸ್ಕೋಪ್ ಬ್ಯಾಡ ತಂಗೀ, ಬರಿಗಣ್ಣು ಸಾಕು. ನಿನಗ ಫರಕ್ ಕಾಣದಿದ್ದದ್ದು ಟೈಮಿನ ಸಲುವಾಗಿ. ಅಲ್ಲಿ ಎರಡು ನಕ್ಷತ್ರ ಒಂದರ ಸುತ್ತ ಒಂದು ತಿರಗತಾವ, ಒಂದು ಸುತ್ತಿಗೆ 2 ದಿನ 20 ತಾಸು 49 ನಿಮಿಷ. ಮಂದ ನಕ್ಷತ್ರ ಬಿಳಿ ನಕ್ಷತ್ರದ ಮುಂದ ಬಂದಾಗ ಹೊಳಪು 2.1 ಮ್ಯಾಗ್ನಿಟ್ಯೂಡಿನಿಂದ (ಇದು ಹೊಳಪಿನ ಅಳತಿ, ಅಂಕಿ ದೊಡ್ಡದಾದಷ್ಟು ನಕ್ಷತ್ರ ಮಂದ) 3.4ಕ್ಕ ಇಳೀತೈತಿ, ಅಂದ್ರ ಮೊದಲಿನ ಬೆಳಕಿನಾಗ ಹೆಚ್ಚುಕಮ್ಮಿ 30 ಪರ್ಸೆಂಟ್ ಅಷ್ಟ ಉಳೀತೈತಿ. ಈ ಗ್ರಹಣ ಶುರುವಾಗಿ ಮುಗಿಯಾಕ ಸುಮಾರು 10 ತಾಸು, ಅದರಾಗೂ ಕಣ್ಣಿಗೆ ಎದ್ದು ಕಾಣೋದು ನಟ್ಟನಡುವಿನ ನಾಕೈದು ತಾಸು. ಉಳಿದ ಹೊತ್ತಿನಾಗ ಎಷ್ಟು ನೋಡಿದ್ರೂ ಅದು ಹಂಗ ಇರತೈತಿ. ಗ್ರಹಣದ ಅರ್ಧಕ್ಕ ಅರ್ಧ ಹಗಲಿನ್ಯಾಗ ಬೀಳತಾವ, ಅದಕ್ಕ ಯಾವುದರ ಎರಡು ರಾತ್ರಿ ನೋಡಿದ್ರ ಸಿಗೂದು ಕಷ್ಟ.

ಆದರ ಒಂದು ಸಲ ಟೈಮ್ ಸಿಕ್ತಂದ್ರ ಮುಂದಿನ ಲೆಕ್ಕ ಬಾಯಾಗ ಹಾಕಬಹುದು. ಮೂರು ದಿನಕ್ಕ 3 ತಾಸು 11 ನಿಮಿಷ ಕಡಿಮಿ ಅಂತ ಹಿಡಿ. ಇವತ್ತು ನಸುಕಿನ 2 ಗಂಟೆಗೆ ಪೂರ್ತಿ ಕಂದಿದ್ರ ಮುಂದಿನದು ರಾತ್ರಿ 10.49ಕ್ಕ, ಅದರ ಮುಂದಿನದು ಸಂಜಿ 7.38ಕ್ಕ, ಆಮ್ಯಾಲೆ ಹಗಲಿಗೆ ಜಾರತೈತಿ. ಏಳು ಸುತ್ತು ಮುಗಿದಾಗ 20 ದಿನ 1 ತಾಸು 43 ನಿಮಿಷ ಆಗಿರತೈತಿ, ಅಂದ್ರ 20 ದಿನ ಬಿಟ್ಟು ಮತ್ತ ಅದ ಹೊತ್ತಿನ ಆಸುಪಾಸು ಗ್ರಹಣ ಸಿಗತಾವ. ಆಕಾಶದ ನಕಾಶಿ ತೋರಿಸೋ ಸ್ಟೆಲ್ಲೇರಿಯಂ ಸಾಫ್ಟ್‌ವೇರ್ ಇದ್ರ ಜಾಗಾ ಹುಡುಕೂದು ಸಲೀಸು, ಇಲ್ಲಂದ್ರೂ ಡಿಸೆಂಬರ್ ನಡುವಿನ್ಯಾಗ ರಾತ್ರಿ 10ರ ಸುಮಾರಿಗೆ ಉತ್ತರಕ್ಕ ಮುಖ ಮಾಡಿ ತಲಿ ಚೆಂದಂಗ ಎತ್ತು, ಡಬ್ಲ್ಯೂ ಆಕಾರದ ಕ್ಯಾಸಿಯೋಪಿಯಾಕ್ಕೂ ಕೃತ್ತಿಕಾ ಗುಂಪಿಗೂ ನಡುವಿನ ಜಾಗಾದಾಗ ಅಲ್ಗೋಲ್ ಇರೋ ಪರ್ಸಿಯಸ್ ನಕ್ಷತ್ರಪುಂಜ ಐತಿ.

ಇನ್ನ ಅಳೆಯೂದು. ಅಲ್ಗೋಲ್ ಒಂದನ್ನ ನೋಡಕೋತ ನಿಂತ್ರ ಏನೂ ತಿಳಿಯೂದಿಲ್ಲ, ಹೊಳಪು ನೆನಪಿನ್ಯಾಗ ಉಳಿಯೋ ವಸ್ತು ಅಲ್ಲ. ಬಾಜೂ ನಕ್ಷತ್ರಕ್ಕ ಹೋಲಿಸಬೇಕು. ಗಾಮಾ ಆಂಡ್ರೊಮಿಡೆ 2.1, ಎಪ್ಸಿಲಾನ್ ಪರ್ಸಿ 2.9, ಆಲ್ಫಾ ಟ್ರಯಾಂಗುಲಿ 3.4, ಈ ಮೂರು ಸಾಕು. ಅಲ್ಗೋಲ್ ಮೊದಲನೇದಕ್ಕಿಂತ ಕಂದಿ, ಎರಡನೇದಕ್ಕಿಂತ ಬೆಳಗಿ, ಸರಿ ನಡುವ ಕಂಡ್ರ 2.5 ಅಂತ ಬರಿ, ಟೈಮ್ ಬರಿ. ಅರ್ಧ ತಾಸು ಬಿಟ್ಟು ಮತ್ತ ನೋಡು, ಹಿಂದಿನ ಅಂಕಿ ಮಾತ್ರ ನೋಡಬ್ಯಾಡ, ಪುಟಾ ತಿರುವಿ ಹಾಕು, ಯಾಕಂದ್ರ ಬರದದ್ದು ಕಣ್ಣಮುಂದ ಇದ್ರ ಮನಸ್ಸು ತಾನ ಇಳಿಸಿ ಬರಸತೈತಿ. ಹತ್ರದ ರೋ ಪರ್ಸಿಗೆ ಹೋಲಿಸಬ್ಯಾಡ, ಅದೂ ಹೊಳಪು ಬದಲಿಸೋ ನಕ್ಷತ್ರ. ರೂಢಿ ಆದ ಕಣ್ಣು 0.1 ಮ್ಯಾಗ್ನಿಟ್ಯೂಡಿನಷ್ಟು ಫರಕ್ ಹಿಡೀತೈತಿ.

ಇಂಗ್ಲೆಂಡಿನ ಯಾರ್ಕ್ ಊರಾಗ ಜಾನ್ ಗುಡ್ರಿಕ್ ಅನ್ನೋ ಹುಡುಗ ಹಿಂಗ ಮಾಡಿದ. ಕಿವಿ ಕೇಳತಿರಲಿಲ್ಲ, 1782ರ ನವೆಂಬರಿನ್ಯಾಗ ಅಲ್ಗೋಲ್ ಕಂದಿದ್ದು ಕಂಡಾಗ ವಯಸ್ಸು 18. ಚಳಿಗಾಲ ಪೂರ್ತಿ ರಾತ್ರಿ ರಾತ್ರಿ ನೋಡಿ ಟೈಮ್ ಬರದು, ಮರುವರ್ಷ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಗೆ ಅವಧಿ ಲೆಕ್ಕ ಹಾಕಿ ಕಳಿಸಿದ, ಯಾವುದೋ ದೊಡ್ಡ ಕಾಯ ನಡುವ ಅಡ್ಡ ಬರತಿರಬೇಕು ಅಂತನೂ ಬರದ. ಅದ ವರ್ಷ ಆ ಸೊಸೈಟಿಯ ಕೋಪ್ಲಿ ಪದಕ ಬಂತು. ಅಂವ ಹೇಳಿದ ಜೋಡಿ ಖರೇ ಅಂತ ಬೆಳಕಿನ ವರ್ಣಪಟಲ ನೋಡಿ ಜರ್ಮನಿಯ ಖಗೋಳ ವಿಜ್ಞಾನಿ ಫೋಗಲ್ ತೋರಿಸಿದ್ದು 1889ರಾಗ. ಆ ಹೊತ್ತಿಗೆ ಗುಡ್ರಿಕ್ ತೀರಿಕೊಂಡು ನೂರು ವರ್ಷದ ಮ್ಯಾಲಾಗಿತ್ತು, 21 ವರ್ಷಕ್ಕ ಹೋಗಿಬಿಟ್ಟ. ನಿನ್ನ ವಯಸ್ಸಿನವರಿಗೆ ನಾನು ಮೊದಲು ಹೇಳೂದು ಈ ಹುಡುಗನ ಹೆಸರು.

ಪ್ರಶ್ನೆ: ನಮ್ಮದು ಫೋಟೋ ಸ್ಟುಡಿಯೋ, ಮದುವಿ ಆರ್ಡರ್ ಮಾಡತೀವಿ. ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಎಂಎಂ ಲೆನ್ಸ್ ಖಾಲಿ ಅದಾವ. ಕಪ್ಪತಗುಡ್ಡದ ಕಡೆ ಹೋಗಿ ಅಲ್ಗೋಲ್ ಫೋಟೋ ತಗದೆ, ಸಾಫ್ಟ್‌ವೇರಿನ್ಯಾಗ ಹಾಕಿದ್ರ ಒಂದೊಂದು ಫೋಟೋಕ್ಕ ಒಂದೊಂದು ನಂಬರ್ ಬರತೈತಿ. ಕ್ಯಾಮೆರಾ ಕೆಟ್ಟೈತೇನ್ರಿ?
– ಒಬ್ಬ ಓದುಗರು, ಗದಗ

ಉತ್ತರ: ಕ್ಯಾಮೆರಾ ಛಲೋ ಐತ್ರಿ ಸಾಹೇಬ್ರ, ಫೋಕಸ್ ಭಾಳ ಛಲೋ ಆಗೈತಿ, ಅದ ತೊಂದರಿ. ಮದುವಿ ಫೋಟೋಕ್ಕ ಬೇಕಾದ ಚೂಪು ಇಲ್ಲಿ ಬ್ಯಾಡ. ಸೆನ್ಸರ್ ಮ್ಯಾಲೆ ಒಂದೊಂದು ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಅಂತ ಫಿಲ್ಟರ್ ಇರತಾವಲ್ಲ, ನಕ್ಷತ್ರ ಎರಡು ಮೂರು ಪಿಕ್ಸೆಲ್ ಒಳಗ ಚುಕ್ಕಿ ಹಂಗ ಕುಂತ್ರ ಈ ಫೋಟೋದಾಗ ಹಸಿರಿನ ಮ್ಯಾಲೆ, ಭೂಮಿ ತಿರುಗಿ ಆ ಕಡೆ ಸರಿದಾಗ ಮುಂದಿನ ಫೋಟೋದಾಗ ಕೆಂಪಿನ ಮ್ಯಾಲೆ, ಹಂಗಾಗಿ ನಂಬರ್ ಕುಣೀತಾವ. ಲೆನ್ಸ್ ಮ್ಯಾನುವಲ್ಲಿಗೆ ಹಾಕಿ ಫೋಕಸ್ ರಿಂಗ್ ಸ್ವಲ್ಪ ಒಂದು ಕಡೆ ತಿರುವ್ರಿ, ನಕ್ಷತ್ರ ಹತ್ತು ಹದಿನೈದು ಪಿಕ್ಸೆಲ್ ಅಗಲದ ಬಿಲ್ಲೆ ಆಗಬೇಕು. ರಿಂಗ್ ಜರುಗದಂಗ ಟೇಪ್ ಹಚ್ಚಿಬಿಡ್ರಿ.

ರಾ ಫೈಲ್ ತಗೀರಿ, ಜೆಪೆಗ್ ಬ್ಯಾಡ, ಜೆಪೆಗ್‌ನಾಗ ಕ್ಯಾಮೆರಾ ತಾನ ಬೆಳಕು ಏರಿಸಿ ಇಳಿಸಿ ಚೆಂದ ಮಾಡಿಟ್ಟಿರತೈತಿ, ನಮಗ ಎಷ್ಟು ಬೆಳಕು ಬಿತ್ತೋ ಅಷ್ಟ ನಂಬರ್ ಬೇಕು. 14 ಬಿಟ್ ಕ್ಯಾಮೆರಾದಾಗ ಪಿಕ್ಸೆಲ್ ತುಂಬೋ ಮಿತಿ 16,383, ಬಿಲ್ಲೆಯ ಅತಿ ಬೆಳ್ಳಗಿನ ಜಾಗಾ 10,000 ಒಳಗ ಇರೂ ಹಂಗ ಐಎಸ್‌ಒ, ಎಕ್ಸ್‌ಪೋಜರ್ ಹೊಂದಿಸ್ರಿ. ಎಫ್ 4, ಐಎಸ್‌ಒ 400, 5 ಸೆಕೆಂಡ್ ಅಂತ ಶುರು ಮಾಡಿ ನೋಡ್ರಿ. ಟ್ರೈಪಾಡ್ ಸಾಕು. ಒಂದು ಫೋಟೋ ನಂಬಬ್ಯಾಡ್ರಿ, ಗಾಳಿಯೊಳಗ ನಕ್ಷತ್ರ ಮಿನುಗೂದು ನಂಬರಿನ್ಯಾಗೂ ಬರತೈತಿ, ಸಾಲಾಗಿ ಹತ್ತಿಪ್ಪತ್ತು ತಗದು ಸರಾಸರಿ ಹಿಡೀರಿ.

ಆಮ್ಯಾಲೆ ಸಿರಿಲ್ ಅಥವಾ ಆಸ್ಟ್ರೋಇಮೇಜ್‌ಜೆ, ಎರಡೂ ಫ್ರೀ, ಅದರಾಗ ಹಸಿರು ಚಾನೆಲ್ ಅಷ್ಟ ಬಿಡಿಸಿಕೊಂಡು ನಕ್ಷತ್ರದ ಸುತ್ತ ಒಂದು ವೃತ್ತ, ಅದರ ಹೊರಗ ಉಂಗುರ ಹಾಕ್ರಿ. ಉಂಗುರದಾಗ ಬಂದದ್ದು ಬರೇ ಆಕಾಶದ ಬೆಳಕು, ಅದನ್ನ ಕಳೀಬೇಕು. ಹುಬ್ಬಳ್ಳಿ ಪ್ಯಾಟಿ ಬೆಳಕಿನ್ಯಾಗ ತಗದ ಫೋಟೋಕ್ಕೂ ಈ ಕಳಿಯೋ ಕೆಲಸದಿಂದನ ಬೆಲಿ ಬರತೈತಿ. ಈಗ ಅಲ್ಗೋಲ್‌ಗೆ 1,20,000, ಅದ ಫೋಟೋದಾಗಿನ ಡೆಲ್ಟಾ ಪರ್ಸಿಗೆ 80,000 ಬಂತು ಅಂತ ಇಟ್ಟುಕೊಳ್ರಿ. ಭಾಗಿಸಿದ್ರ 1.5, ಅದರ ಲಾಗ್ 0.176, ಎರಡೂವರಿಯಿಂದ ಗುಣಿಸಿದ್ರ 0.44. ಡೆಲ್ಟಾ ಪರ್ಸಿ 3.0 ಮ್ಯಾಗ್ನಿಟ್ಯೂಡ್, ಅದರಾಗ 0.44 ಕಳದ್ರ ಅಲ್ಗೋಲ್ 2.56. ಡೆಲ್ಟಾ ಯಾಕಂದ್ರ ಅದೂ ಅಲ್ಗೋಲಿನಂಗ ನೀಲಿ ಬಿಳುಪು, ಹತ್ರದ ಕಾಪ್ಪಾ ಪರ್ಸಿ ಕಿತ್ತಳಿ ಕಡೆ ವಾಲಿದ್ದು, ಬಣ್ಣ ಬ್ಯಾರೆ ಇದ್ರ ಲೆಕ್ಕ ಸ್ವಲ್ಪ ವಾಲತೈತಿ. ಜೋಡಿಗೆ ಎಪ್ಸಿಲಾನ್ ಪರ್ಸಿನೂ ಅಳೀರಿ, ಇದಕ್ಕ ಚೆಕ್ ಸ್ಟಾರ್ ಅಂತಾರ. ರಾತ್ರಿ ಪೂರ್ತಿ ಅದರ ಅಂಕಿ ಅಲ್ಲಾಡದ ನಿಂತ್ರ ಮಾತ್ರ ಅಲ್ಗೋಲಿನ ಅಂಕಿ ನಂಬಬೇಕು. ತಕ್ಕಡಿ ಎರಡೂ ಪರಡಿ ಮ್ಯಾಲೆ ಗಾಳಿ ಒಂದ ಸಮ ಬೀಸಿದಂಗ, ಅದ ಆಕಾಶದಾಗಿಂದ ಎರಡೂ ನಕ್ಷತ್ರದ ಬೆಳಕು ಬರೂದ್ರಿಂದ ಧೂಳು, ಮಂಜಿನ ತೂಕ ಎರಡರಾಗೂ ಕಳದು ಹೋಗತೈತಿ. ಪಶ್ಚಿಮಕ್ಕ ಭಾಳ ಇಳದ ಮ್ಯಾಲೆ ಮಾತ್ರ ಬಂದ್ ಮಾಡ್ರಿ, ಆವಾಗ ಮ್ಯಾಲಿನ ನಕ್ಷತ್ರಕ್ಕೂ ಕೆಳಗಿನದಕ್ಕೂ ಗಾಳಿಯ ದಪ್ಪ ಬ್ಯಾರೆ ಬ್ಯಾರೆ.

ಪ್ರಶ್ನೆ: ತೆಳ್ಳನ ಮೋಡ ಇದ್ದಾಗ ಅಳೆದದ್ದು ನಡೀತೈತೇನ್ರಿ?
– ನವಲಗುಂದದಿಂದ

ಉತ್ತರ: ಒಂದ ಸಮ ಹರಡಿದ ಮಬ್ಬು ಆದ್ರ ನಡೀತೈತಿ. ಪಟ್ಟಿ ಪಟ್ಟಿ ಮೋಡ ಓಡತಿದ್ರ ಬ್ಯಾಡ, ಒಂದು ನಕ್ಷತ್ರದ ಮುಂದ ಐತಿ, ಬಾಜೂದರ ಮುಂದ ಇಲ್ಲ. ಆ ಫೋಟೋ ಬಿಟ್ಟುಬಿಡ್ರಿ.

ಪ್ರಶ್ನೆ: ಹೈಸ್ಕೂಲ್ ಮಕ್ಕಳ ಕಡೆಯಿಂದ ಇದನ್ನ ಮಾಡಸಬೇಕಂತೀನಿ. ಗ್ರಾಫ್ ಬಂದ ಮ್ಯಾಲೆ ಅದರಿಂದ ಏನೇನು ತಿಳೀತೈತಿ? ನಕ್ಷತ್ರದ ತೂಕ ಸಿಗತೈತೇನು?
– ವಿಜ್ಞಾನ ಶಿಕ್ಷಕಿ, ರಾಣೆಬೆನ್ನೂರು

ಉತ್ತರ: ಟೀಚರ್, ತೂಕ ಬರೇ ಬೆಳಕಿನ ಗ್ರಾಫಿನಿಂದ ಸಿಗೂದಿಲ್ರಿ, ಅದಕ್ಕ ಎರಡೂ ನಕ್ಷತ್ರದ ವೇಗ ಬೇಕು, ವೇಗ ವರ್ಣಪಟಲದಿಂದ ಬರಬೇಕು. ಗ್ರಾಫಿನಿಂದ ಸಿಗೂದು ಅವಧಿ, ಎರಡು ನಕ್ಷತ್ರದ ಗಾತ್ರದ ಅನುಪಾತ, ಯಾವುದು ಎಷ್ಟು ಬಿಸಿ ಅನ್ನೋ ಅಂದಾಜು. ಬಿಸಿ ನಕ್ಷತ್ರ ಮರೆಯಾದಾಗ ಆಳ ಗುಂಡಿ, ತಂಪು ನಕ್ಷತ್ರ ಮರೆಯಾದಾಗ ಬರೇ 0.06 ಮ್ಯಾಗ್ನಿಟ್ಯೂಡಿನ ಸಣ್ಣ ತಗ್ಗು. ಈ ಸಣ್ಣ ತಗ್ಗು ಕಣ್ಣಿಗೆ ಕಾಣೂದ ಇಲ್ಲ, ಅಮೆರಿಕಾದ ಜೋಯಲ್ ಸ್ಟೆಬಿನ್ಸ್ ಬೆಳಕು ಅಳಿಯೋ ಸೆಲೆನಿಯಂ ಸೆಲ್ ಕಟ್ಟಿ 1910ರಾಗ ಹಿಡದ. ಕ್ಯಾಮೆರಾದಿಂದ ಮಕ್ಕಳು ಹಿಡದ್ರ ಅದು ದೊಡ್ಡ ಕೆಲಸ, ನನಗೂ ಬರದು ತಿಳಸ್ರಿ.

ಮಕ್ಕಳಿಗೆ ಭಾಳ ಹಿಡಸೂದು ಬ್ಯಾರೆ ಬ್ಯಾರೆ ರಾತ್ರಿದ್ದು ಒಂದ ಗ್ರಾಫಿಗೆ ತರೂ ಲೆಕ್ಕ. ಒಂದು ಗ್ರಹಣದ ನಡುವಿನ ಟೈಮ್ ಹಿಡದು, ಅಲ್ಲಿಂದ ಎಷ್ಟು ದಿನ ಆತೋ ಅದನ್ನ 2.8673ರಿಂದ (ಒಂದು ಸುತ್ತಿನ ಅವಧಿ, ದಿನದ ಲೆಕ್ಕದಾಗ) ಭಾಗಿಸಿ, ಪೂರ್ಣಾಂಕ ಬಿಟ್ಟು ದಶಮಾಂಶ ಅಷ್ಟ ಇಟ್ಟುಕೊಳ್ಳೂದು. 10 ದಿನ ಆಗಿದ್ರ 3.488, ಇಟ್ಟುಕೊಳ್ಳೂದು 0.488, ಅಂದ್ರ ಅರ್ಧ ಸುತ್ತಿನ ಹತ್ರ. ನವೆಂಬರಿನ ಅಂಕಿ, ಜನವರಿ ಅಂಕಿ ಎಲ್ಲಾ ತಂತಮ್ಮ ಜಾಗಾದಾಗ ಹೋಗಿ ಕೂಡತಾವ, ಗುಂಡಿಯ ಆಕಾರ ಪೂರ್ತಿ ಎದ್ದು ಬರತೈತಿ.

ಇನ್ನೊಂದು ಮಾತು, ದೊಡ್ಡ ಹುಡುಗರಿಗೆ ಹೇಳ್ರಿ. ಅಲ್ಗೋಲಿನ ಬಿಳಿ ನಕ್ಷತ್ರ ಸೂರ್ಯನ ಮೂರು ಪಟ್ಟಿಗಿಂತ ಹೆಚ್ಚು ತೂಕ, ಮಂದ ನಕ್ಷತ್ರ ಸೂರ್ಯನಿಗಿಂತ ಹಗುರ. ತೂಕ ಜಾಸ್ತಿ ಇದ್ದ ನಕ್ಷತ್ರ ಲಗೂ ಮುಪ್ಪಾಗಬೇಕು, ಇಲ್ಲಿ ನೋಡಿದ್ರ ಹಗುರಾದ್ದ ಮುಪ್ಪಾಗಿ ಉಬ್ಬೈತಿ. ಕಾರಣ ಏನಂದ್ರ ಈಗ ಹಗುರ ಇದ್ದದ್ದ ಮೊದಲು ತೂಕದ್ದು, ಉಬ್ಬಿದ ಮ್ಯಾಲೆ ಅದರ ಹೊರಪದರ ಜೋಡಿ ನಕ್ಷತ್ರಕ್ಕ ಹರದು ಹೋಗೈತಿ. ಇಂಥ ಹರಿವು ಇದ್ದ ಜೋಡಿಗಳ ಅವಧಿ ವರ್ಷಾನುಗಟ್ಟಲೆ ಸಣ್ಣಗ ಬದಲಾಗತೈತಿ, ಅದನ್ನ ಹಿಡಿಯೂದು ಗ್ರಹಣದ ನಡುವಿನ ಟೈಮ್ ವರ್ಷ ವರ್ಷ ಬರದಿಟ್ಟವರ ಅಂಕಿಯಿಂದ.

ಪ್ರಶ್ನೆ: ಅಂಕಿ ಎಲ್ಲಿ ಕಳಿಸಬೇಕು, ಟೈಮ್ ಹೆಂಗ ಬರೀಬೇಕು?
– ಸಪ್ತಾಪುರ, ಧಾರವಾಡ

ಉತ್ತರ: ಹೊಳಪು ಬದಲಿಸೋ ನಕ್ಷತ್ರ ನೋಡೋರ ಸಲುವಾಗಿ ಅಮೆರಿಕಾದಾಗ 1911ರಾಗ ಶುರುವಾದ ಎಎವಿಎಸ್‌ಒ ಅನ್ನೋ ಸಂಸ್ಥೆ ಜಗತ್ತಿನ ಎಲ್ಲಾ ಕಡೆಯಿಂದ ತಗೋತೈತಿ. ಅಂಕಿ ಜೋಡಿ ಯಾವ ನಕ್ಷತ್ರಕ್ಕ ಹೋಲಿಸಿದ್ರಿ ಅನ್ನೋದೂ ಬರೀಬೇಕು, ಅದಿಲ್ಲದ ಅಂಕಿ ಮುಂದ ಯಾರೂ ತಿದ್ದಾಕ ಬರೂದಿಲ್ಲ. ನಮ್ಮ ಟೈಮಿನ್ಯಾಗ 5 ತಾಸು 30 ನಿಮಿಷ ಕಳದು ಯುಟಿ (ಜಗತ್ತಿಗೆಲ್ಲಾ ಒಂದ ಇರೋ ಯುನಿವರ್ಸಲ್ ಟೈಮ್) ಮಾಡ್ರಿ, ಕ್ಯಾಮೆರಾ ಗಡಿಯಾರ ಆ ದಿನ ಸಂಜಿಕನ ಮೊಬೈಲಿಗೆ ಹೊಂದಿಸ್ರಿ. ಗ್ರಹಣದ ನಡುವಿನ ಟೈಮ್ ವರ್ಷದಿಂದ ವರ್ಷಕ್ಕ ಹೋಲಿಸೋರು ಇನ್ನೊಂದು ಲೆಕ್ಕ ಹಾಕತಾರ. ಭೂಮಿ ಸೂರ್ಯನ ಆ ಕಡೆ ಇದ್ದಾಗ, ಈ ಕಡೆ ಇದ್ದಾಗ ಅಲ್ಗೋಲಿನ ಬೆಳಕು ಸೂರ್ಯನ ಲೆಕ್ಕಕ್ಕ ಸುಮಾರು 8 ನಿಮಿಷದತನಕ ಮುಂಚೆ ಇಲ್ಲಾ ತಡಾ ಮುಟ್ಟತೈತಿ, ಅದನ್ನ ಕೂಡಿಸಿ ಕಳದು ಸೂರ್ಯನ ಜಾಗಾದ ಟೈಮ್ ಮಾಡತಾರ. ದಿನಾಂಕಕ್ಕ ಜೂಲಿಯನ್ ದಿನ ಬಳಸ್ರಿ, ಅಂದ್ರ ತಿಂಗಳು ವರ್ಷ ಬಿಟ್ಟು ದಿನಾನ ಸಾಲಾಗಿ ಎಣಿಸೋ ನಂಬರ್. ಅದು ಶುರುವಾಗೂದು ಯುಟಿ ಮಧ್ಯಾಹ್ನ 12ಕ್ಕ, ನಮಗ ಸಂಜಿ 5.30, ಹಂಗಾಗಿ ನಮ್ಮ ಇಡೀ ರಾತ್ರಿ ಒಂದ ದಿನದ ನಂಬರಿನ್ಯಾಗ ಬರತೈತಿ, ನಟ್ಟಿರುಳಿಗೆ ತಾರೀಖು ಬದಲಿಸೋ ತಾಪತ್ರಯ ಇಲ್ಲ.