ಯಾರಿಗೂ ಹೇಳದೆ, ಒಬ್ಬನೇ ಒತ್ತಡ ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಳ್ಳುವುದು ಹೇಗೆ?

"ಅಪ್ಪನನ್ನೂ ನೋಡಿಕೊಂಡು ಕೆಲಸಾನೂ ಮಾಡ್ತಿದ್ದೀನಿ, ಮನೆಯವರಿಗೆ ಭಾರ ಆಗಬಾರದು" ಅಂತ ಬರೆದಿದ್ದೀರಿ. 2018ರಲ್ಲಿ ನಾನೂ ಇದೇ ಮಾತು ಹೇಳುತ್ತಿದ್ದೆ.

ಆಗ ಅಮ್ಮನಿಗೆ ಡಯಾಲಿಸಿಸ್. ಮೈಸೂರಿನ ಮನೆಯಲ್ಲಿ ನಾವಿಬ್ಬರೇ. ಸೋಮವಾರ, ಬುಧವಾರ, ಶುಕ್ರವಾರ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಆಫೀಸಿನ ಲೆಕ್ಕ ನೋಡುತ್ತಿದ್ದೆ. ಅದು ಕಷ್ಟ ಅನ್ನಿಸಲಿಲ್ಲ. ಕಷ್ಟ ಇದ್ದಿದ್ದು ರಾತ್ರಿ, ನೀರಿನ ವಿಷಯಕ್ಕೆ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ. ಹಾಗಾಗಿ ದಿನಕ್ಕೆ ಇಷ್ಟೇ ಅಂತ ಅಳತೆ. ಅಮ್ಮ ಸ್ಟೀಲ್ ಲೋಟ ಹಿಡಿದು "ಒಂದೇ ಗುಟುಕು ಕಣೋ" ಅನ್ನುತ್ತಿದ್ದಳು. ನಾನು ಲೋಟ ಕಿತ್ತುಕೊಳ್ಳುತ್ತಿದ್ದೆ.

ಶಿವಮೊಗ್ಗದಿಂದ ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. "ಎಲ್ಲ ಆರಾಮ" ಅನ್ನುತ್ತಿದ್ದೆ. ನಾನು ಮಾಡಿದ ತಪ್ಪು ಅದೇ. ಸಣ್ಣ ಸುಳ್ಳು ಅನ್ನಿಸುತ್ತೆ, ಅಲ್ವಾ? ಆದರೆ ಇವತ್ತು ಆರಾಮ ಅಂದವನು ನಾಳೆ "ಸಾಕಾಗಿದೆ" ಅನ್ನೋಕೆ ಆಗಲ್ಲ. ಒಂದು ಸಲ ಅವಳು ರಜೆ ಹಾಕಿ ಬ್ಯಾಗ್ ತುಂಬಿಕೊಂಡು ಹೊರಟೇಬಿಟ್ಟಿದ್ದಳು. "ಮಕ್ಕಳ ಪರೀಕ್ಷೆ ಇದೆ, ಬರಬೇಡ" ಅಂತ ನಾನೇ ತಡೆದೆ. ಅವಳಿಗೆ ತೊಂದರೆ ಬೇಡ ಅನ್ನೋದು ನಿಜ. "ಮಗ ಒಬ್ಬನೇ ನೋಡಿಕೊಂಡ" ಅನ್ನಿಸಿಕೊಳ್ಳುವ ಆಸೆ ಅದಕ್ಕಿಂತ ಜಾಸ್ತಿ ಇತ್ತು. ಆಮೇಲೆ ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಬಿಟ್ಟೆ, ಯಾಕೆಂದರೆ ಅಲ್ಲಿ ಗೆಳೆಯರು ಅಮ್ಮ ಹೇಗಿದ್ದಾರೆ ಅಂತ ಕೇಳುತ್ತಿದ್ದರು. ನಿದ್ದೆ ಹೋಯಿತು. 34ನೇ ವಯಸ್ಸಿಗೆ ನನ್ನ ಬಿಪಿ 160/100. ಹೀಗೆ ಏಳು ತಿಂಗಳು.

ಕೊನೆಗೆ ಪಕ್ಕದ ಮನೆಯವರೇ ಅಕ್ಕನಿಗೆ ಫೋನ್ ಮಾಡಿದರು. ಬಂದ ಮೂರನೇ ದಿನ ಅವಳು ಡಯಾಲಿಸಿಸ್ ಟೆಕ್ನಿಶಿಯನ್ ಹತ್ತಿರ ಕೇಳಿಕೊಂಡು ಬಂದು, ಅಳತೆಯ ನೀರಿನಲ್ಲೇ ಸ್ವಲ್ಪ ತೆಗೆದು ಐಸ್ ಮಾಡಿಟ್ಟಳು. ಅಮ್ಮ ಒಂದು ತುಂಡು ಬಾಯಲ್ಲಿಟ್ಟುಕೊಂಡು ಸುಮ್ನೆ ಟಿವಿ ನೋಡುತ್ತಾ ಕೂತಳು. ಯಾರನ್ನಾದರೂ ಕೇಳಬಹುದು ಅಂತಲೇ ನನಗೆ ಹೊಳೆದಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಧ್ಯಾನ, ವ್ಯಾಯಾಮ, ನಿದ್ದೆ ಎಲ್ಲ ಬೇಕು, ಮಾಡಿ. ಆದರೆ "ಯಾರಿಗೂ ಹೇಳದೆ" ಅನ್ನೋದನ್ನು ಮೊದಲು ಬಿಡಿ. ಶೆಲ್ಡನ್ ಕೋಹೆನ್, ಥಾಮಸ್ ವಿಲ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಒತ್ತಡ ಮತ್ತು ಜನರ ಆಸರೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 1985ರಲ್ಲಿ ಬರೆದರು. ಸುತ್ತ ಜನ ಇರುವುದು ಒತ್ತಡ ಇದ್ದರೂ ಇಲ್ಲದಿದ್ದರೂ ಒಳ್ಳೆಯದೇ. ಆದರೆ ಒತ್ತಡದ ಪೆಟ್ಟು ತಗ್ಗಿಸುವುದು, ಬೇಕಾದಾಗ ಕೈಹಿಡಿಯುವವರು ಇದ್ದಾರೆ ಅನ್ನುವ ನಂಬಿಕೆ. ನನಗೆ ಅಂಥವರು ಇದ್ದರು. ನಾನೇ ಬರಬೇಡ ಅಂದಿದ್ದೆ.

ಇವತ್ತೇ ಒಬ್ಬರಿಗೆ ಫೋನ್ ಮಾಡಿ. "ಕಷ್ಟ ಆಗ್ತಿದೆ" ಅಂತ ಹೇಳಿ ನಿಲ್ಲಿಸಬೇಡಿ, ಕೆಲಸ ಹೇಳಿ: "ಬುಧವಾರ ಅಪ್ಪನ ಜೊತೆ ನೀನು ಕೂತ್ಕೋ." ಮನೆಯವರಿಗೆ ಹೇಳೋಕೆ ಬಾಯೇ ಬರದಿದ್ದರೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಅಕ್ಕ ಬಂದ ಮೇಲೆ ಅಮ್ಮ ಇದ್ದಿದ್ದು ಐದು ವಾರ. ಪ್ರತಿ ವರ್ಷ ತಿಥಿಯ ದಿನ ಅಕ್ಕ ಕೇಳುತ್ತಾಳೆ, ಆ ಏಳು ತಿಂಗಳು ಅಮ್ಮ ಏನೇನು ಮಾತಾಡ್ತಿದ್ದಳು ಅಂತ. ನನಗೆ ಆ ಲೋಟ ಬಿಟ್ಟು ಬೇರೇನೂ ನೆನಪಿಲ್ಲ.