ಗುಲಾಬಿ ವಾಸನೆ ಬಂದ ಮಾತ್ರಕ್ಕೆ ಎಸೆನ್ಸ್ ಅಲ್ಲ

ಪ್ರಶ್ನೆ: ಜಪಾನಿನಲ್ಲಿರುವ ಮಗಳು ಅಲ್ಲಿನ ಉತ್ತರದ ದ್ವೀಪ ಹೊಕ್ಕೈಡೊದ ‘ಕುರಿಸಾವಾ ಬ್ಲಾಂ’ ಎಂಬ ಬಿಳಿ ವೈನ್ ತಂದಿದ್ದಾಳೆ. ಮೂಗಿಗೆ ಹಿಡಿದರೆ ಗುಲಾಬಿ, ಲಿಚಿ. ಬಾಯಿಗೆ ಹಾಕಿಕೊಂಡರೆ ಸಿಹಿಯೇ ಇಲ್ಲ. ಎಸೆನ್ಸ್ ಬೆರೆಸಿದ್ದಾರೆಯೇ?

ಉತ್ತರ: ಇಲ್ಲ. ಬಾಟಲಿ ಬೇರೆಯಾದರೂ ಇದೇ ಅನುಮಾನ ಪದೇ ಪದೇ ಬರುತ್ತಿದೆ. ಅದಕ್ಕೇ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಇವಾಮಿಜಾವಾ ಊರಿನ ಕುರಿಸಾವಾದಲ್ಲಿ ನಕಾಜಾವಾ ಎಂಬ ಸಣ್ಣ ತೋಟವಿದೆ. ಗೆವುರ್ಟ್ಸ್‌ಟ್ರಾಮಿನರ್, ಕೆರ್ನರ್, ಸಿಲ್ವಾನರ್, ಪಿನೊ ಗ್ರಿ ಮುಂತಾದ ದ್ರಾಕ್ಷಿ ತಳಿಗಳನ್ನು ಅಲ್ಲಿ ಬೆಳೆದು ಒಟ್ಟಿಗೇ ಹುದುಗಿಸುತ್ತಾರೆ. ಬೇರೆ ಬೇರೆಯಾಗಿ ಹುದುಗಿಸಿ ಆಮೇಲೆ ಅಳತೆ ನೋಡಿ ಬೆರೆಸಿದ್ದಲ್ಲ. ನಿಮ್ಮ ಮೂಗು ಹಿಡಿದದ್ದು ಮುಖ್ಯವಾಗಿ ಗೆವುರ್ಟ್ಸ್‌ಟ್ರಾಮಿನರ್‌ನ ಗುರುತು. ಅದರಲ್ಲಿರುವ ‘ರೋಸ್ ಆಕ್ಸೈಡ್’ ಎಂಬ ಪರಿಮಳದ ವಸ್ತು ಲಿಚಿ ಹಣ್ಣಿನಲ್ಲೂ ಇದೆ, ಗುಲಾಬಿಯಲ್ಲೂ ಇದೆ. ಲಿಚಿಯ ನೆನಪಾಗುವುದು ಭ್ರಮೆಯಲ್ಲ, ವಸ್ತುವೇ ಒಂದು.

ಇಂಥ ಪರಿಮಳದ ದೊಡ್ಡ ಪಾಲು ಹಣ್ಣಿನ ಸಿಪ್ಪೆಯಲ್ಲಿ ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತದೆ. ಹಾಗಿರುವಾಗ ಅದು ಮೂಗಿಗೆ ಸಿಗುವುದಿಲ್ಲ. ಹುದುಗುವಾಗ, ಆಮೇಲೆ ಬಾಟಲಿಯಲ್ಲಿ ಕೂತಾಗ ಆ ಕಟ್ಟು ಸ್ವಲ್ಪ ಸ್ವಲ್ಪವಾಗಿ ಬಿಚ್ಚುತ್ತದೆ. ಸಿಹಿಯ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುತ್ತದೆ, ಪರಿಮಳ ಉಳಿಯುತ್ತದೆ. ನಾವು ಗುಲಾಬಿಯ ವಾಸನೆಯನ್ನು ಕಲಿತದ್ದೇ ಗುಲ್ಕನ್ ಮತ್ತು ಜಾಮೂನಿನ ಪಾಕದಿಂದ. ಹಾಗಾಗಿ ವಾಸನೆ ಬಂದೊಡನೆ ನಾಲಿಗೆ ಸಿಹಿಗೆ ಕಾಯುತ್ತದೆ. ಸಿಹಿ ಸಿಗದಿದ್ದರೆ ಮೋಸ ಎನಿಸುತ್ತದೆ.

ಇದರ ಹಿಂದಿನ ದುಡಿಮೆ ಗೊತ್ತಿದ್ದರೆ ಎಸೆನ್ಸ್ ಎಂಬ ಮಾತು ಬಾಯಿಗೇ ಬರುವುದಿಲ್ಲ. ಹೊಕ್ಕೈಡೊದ ರೈತರು ಬಳ್ಳಿಯ ಕಾಂಡವನ್ನು ಒಂದು ಕಡೆಗೆ ವಾಲಿಸಿ ಬೆಳೆಸುತ್ತಾರೆ. ಚಳಿಗಾಲ ಬಂತೆಂದರೆ ತಂತಿಯಿಂದ ಇಳಿಸಿ ಹಿಮದಡಿ ಮಲಗಿಸುತ್ತಾರೆ. ಹೊರಗೆ ಎಷ್ಟೇ ಕೊರೆದರೂ ಹಿಮದ ಹೊದಿಕೆಯೊಳಗೆ ಸೊನ್ನೆ ಡಿಗ್ರಿಯ ಆಸುಪಾಸಿರುತ್ತದೆ, ಮೊಗ್ಗು ಸಾಯುವುದಿಲ್ಲ. ವಸಂತದಲ್ಲಿ ಮತ್ತೆ ಒಂದೊಂದನ್ನೇ ಎತ್ತಿ ಕಟ್ಟಬೇಕು.

ಅನುಮಾನವಿದ್ದರೆ ಲೇಬಲ್ ನೋಡಿ. 2018ರ ಅಕ್ಟೋಬರ್ 30ರಿಂದ ಜಪಾನಿನಲ್ಲೇ ಬೆಳೆದ ದ್ರಾಕ್ಷಿಯಿಂದ ಅಲ್ಲೇ ಮಾಡಿದ್ದಕ್ಕೆ ಮಾತ್ರ ‘ನಿಹೋನ್ ವೈನ್’ ಎಂಬ ಹೆಸರು. ಹೊರದೇಶದಿಂದ ತರಿಸಿದ ಗಟ್ಟಿ ರಸದಿಂದ ಮಾಡಿದ್ದಕ್ಕೆ ಆ ಹೆಸರಿಲ್ಲ. ಅದು ಬಿಟ್ಟು ‘ಅಂಗೈಗೆ ಉಜ್ಜಿ, ವಾಸನೆ ಉಳಿದರೆ ಎಸೆನ್ಸ್’ ಎಂದು ಕಲಿಸುವವರನ್ನು ದಯವಿಟ್ಟು ನಂಬಬೇಡಿ. ಅಂಥವರ ಮಾತು ಕೇಳಿ ಒಳ್ಳೆಯ ಬಾಟಲಿಯನ್ನು ಸಿಂಕಿಗೆ ಸುರಿದವರು ನನಗೆ ಬರೆದಿದ್ದಾರೆ. ಓದಿ ಹೊಟ್ಟೆ ಉರಿಯಿತು.

ಮತ್ತೊಂದು ವಿಷಯ: ಐಸ್ ಹಾಕಬೇಡಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಫ್ರಿಜ್‌ನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು ಬಗ್ಗಿಸಿ.

ಪ್ರಶ್ನೆ: ಜಪಾನಿನ ನಯಾಗರಾ ಎಂಬ ದ್ರಾಕ್ಷಿಯ ವೈನಿಗೆ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ವಾಸನೆ ಇದೆ. ಹೇಗೆ?

ಉತ್ತರ: ಎರಡರಲ್ಲೂ ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ರಕ್ತವಿದೆ. ಚೆನ್ನಾಗಿ ಗುರುತಿಸಿದ್ದೀರಿ.

ಪ್ರಶ್ನೆ: ಉಮೆಶು ಕೂಡ ಜಪಾನಿನ ಬಿಳಿ ವೈನ್ ತಾನೇ?

ಉತ್ತರ: ಅಲ್ಲ. ಉಮೆ ಎಂಬ ಹುಳಿ ಕಾಯಿಯನ್ನು ಸಕ್ಕರೆಯೊಂದಿಗೆ ಮದ್ಯದಲ್ಲಿ ನೆನೆಸಿ ಮಾಡಿದ್ದು.

ಪ್ರಶ್ನೆ: ಗ್ಲಾಸಿನ ಒಳಬದಿಯಲ್ಲಿ ಧಾರೆ ಇಳಿದರೆ ಉತ್ತಮ ವೈನ್ ಅಲ್ಲವೇ?

ಉತ್ತರ: ಆಲ್ಕೋಹಾಲ್ ಇದೆ ಎಂದಷ್ಟೇ ಅರ್ಥ.

ಪ್ರಶ್ನೆ: ಹೃದಯಕ್ಕೆ ಒಳ್ಳೆಯದೆಂದು ಅಪ್ಪನಿಗೆ ದಿನಾ ಒಂದು ಲೋಟ ಕೊಡಬಹುದೇ?

ಉತ್ತರ: ಬೇಡ. ವೈನ್ ಔಷಧಿಯಲ್ಲ. ಅಪ್ಪನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಇರುತ್ತದೆ?

ಉತ್ತರ: ಬಿರಡೆ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ. ಆದರೆ ಗುಲಾಬಿಯ ಪರಿಮಳ ಮೊದಲ ದಿನವೇ ಚೆನ್ನ.